ಕುಂಟು ಮರೆಯಾದ ದಿನ

ಮೊಂಡಕ್ಕನಿಗೆ ಆ ಹೆಸರಿಟ್ಟವರು ಯಾರು ಎಂದು ಕೇಳಿದರೆ ಎಲ್ಲರೂ ಪಕ್ಕದವರ ಕಡೆ ಬೆರಳು ತೋರಿಸುತ್ತಾರೆ. ಎದುರಿಗಿದ್ದಾಗ "ಮೇಡಂ", ಬೆನ್ನು ತಿರುಗಿಸಿದೊಡನೆ "ಮೊಂಡಕ್ಕ". ಅವಳಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಬೇಜಾರಿರಲಿಲ್ಲ. ಹಿಂದೆ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗ ಮೂಳೆ ವಿಭಾಗದ ಮುಖ್ಯಸ್ಥರು ಒಮ್ಮೆ ತುಂಬಿದ ಸಭೆಯಲ್ಲಿ, "ಈಕೆ ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು" ಎಂದು ನಗಾಡಿದ್ದರು.

"ಮೂರೇ ಕಾಲಿದ್ರೂ ಚಿಂತೆ ಇಲ್ಲ ಸರ್, ಆ ಮೊಲಾನ ನನ್ನ ಹತ್ರ ಕರ್ಕೊಂಡು ಬನ್ನಿ. ನಡೆಸಿ ಕಳಿಸ್ತೀನಿ" ಎಂದು ಇವಳು ಕೂತಲ್ಲಿಂದಲೇ ಹೇಳಿದಳು. ಅಲ್ಲಿಯವರೆಗೆ ಮುಖ್ಯಸ್ಥರ ಜೊತೆ ನಕ್ಕವರು ಈಗ ಇವಳ ಜೊತೆ ನಕ್ಕರು. ಮುಖ್ಯಸ್ಥರು ಅದನ್ನು ಮರೆಯಲಿಲ್ಲ.

ಆಗ ಅವಳು ಮನುಷ್ಯರಿಗೆ ಫಿಸಿಯೋಥೆರಪಿ ಮಾಡುತ್ತಿದ್ದವಳು. ಮಂಡಿ ಬದಲಾಯಿಸಿಕೊಂಡ ಅಜ್ಜಂದಿರನ್ನು ಗದರಿಸಿ ಎಬ್ಬಿಸುವುದು, ಪಾರ್ಶ್ವವಾಯು ಬಡಿದವರ ಮುಚ್ಚಿದ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸುವುದು, ಇದೇ ಕೆಲಸ. ಹೀಗಿರುವಾಗ ಒಂದು ದಿನ ಆಸ್ಪತ್ರೆಯ ಆಂಬುಲೆನ್ಸೇ ಆಸ್ಪತ್ರೆಯ ಕಾವಲುಗಾರನ ನಾಯಿಯ ಮೇಲೆ ಹರಿಯಿತು. ಜೀವ ಉಳಿಯಿತು, ಹಿಂಗಾಲುಗಳು ಬಿದ್ದುಹೋದವು. ಅದು ಮುಂಗಾಲುಗಳಲ್ಲಿ ಮೈಯನ್ನು ಎಳೆದುಕೊಂಡು ಗೇಟಿನ ತನಕ ಬರುತ್ತಿತ್ತು, ಬರುವವರಿಗೆಲ್ಲ ಬಾಲ ಅಲ್ಲಾಡಿಸಲಾರದೆ ಕಿವಿ ಅಲ್ಲಾಡಿಸುತ್ತಿತ್ತು. ಮೊಂಡಕ್ಕ ಅದನ್ನು ಎತ್ತಿಕೊಂಡು ಹೋಗಿ, ಬಟ್ಟೆ ಒಗೆಯುವ ಕೋಣೆಯ ದೊಡ್ಡ ತೊಟ್ಟಿಯಲ್ಲಿ ಬಿಸಿನೀರು ತುಂಬಿಸಿ, ಅದರೊಳಗೆ ನಿಲ್ಲಿಸಿ ಕಾಲಾಡಿಸತೊಡಗಿದಳು. ಸುದ್ದಿ ಮುಖ್ಯಸ್ಥರ ಕಿವಿಗೆ ಬೀಳುವುದು ತಡವಾಗಲಿಲ್ಲ.

"ಮನುಷ್ಯರ ಆಸ್ಪತ್ರೇಲಿ ನಾಯಿಗೆ ಜಾಗ ಇಲ್ಲಮ್ಮ" ಎಂದರು ಅವರು.

"ಗುದ್ದೋಕೆ ಜಾಗ ಇತ್ತಲ್ಲ ಸರ್."

ಇಂಥ ಮಾತಾಡಿದ ಮೇಲೆ ಕೆಲಸ ಉಳಿಯುವುದಿಲ್ಲ. ಉಳಿಸಿಕೊಳ್ಳುವ ಮನಸ್ಸು ಅವಳಿಗೂ ಇರಲಿಲ್ಲ. ನಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದಳು. ಕಾವಲುಗಾರ ಹಿಂದೆಯೇ ಬಂದು, "ಮೇಡಂ, ನಾಯಿ ನಂದು" ಎಂದು ನೆನಪಿಸಬೇಕಾಯಿತು. ಕೆಲವು ತಿಂಗಳಲ್ಲಿ ಆ ನಾಯಿ ಸೊಂಟ ತೂಗಾಡಿಸುತ್ತ ನಡೆಯಿತು. ಅದರ ಫೋಟೋ ತೆಗೆದು ಗೋಡೆಗೆ ತೂಗುಹಾಕಿದಳು. ಅದೇ ಮೊದಲ ಫೋಟೋ.

ಆಮೇಲೆ ದೂರದ ಪಶುವೈದ್ಯ ಕಾಲೇಜಿಗೆ ಹೋಗಿ, ತನ್ನ ಮಗಳ ವಯಸ್ಸಿನ ಹುಡುಗಿಯರ ಪಕ್ಕ ಬೆಂಚಿನ ಮೇಲೆ ಕೂತು, ಕುದುರೆ ಮತ್ತು ನಾಯಿಗಳ ಫಿಸಿಯೋಥೆರಪಿ ಕಲಿತು ಬಂದಳು. ಊರಿನ ಅಂಚಿನಲ್ಲಿ ಪಾಳುಬಿದ್ದಿದ್ದ ಹಳೆಯ ಐಸ್ ಫ್ಯಾಕ್ಟರಿ ಹಿಡಿದಳು. ಜನ ನಕ್ಕರು. ಅವಳ ಲೆಕ್ಕ ಸರಿಯಾಗಿತ್ತು. ಲಾರಿ ಒಳಗೆ ಬರುವಷ್ಟು ಎತ್ತರದ ಬಾಗಿಲು ಇತ್ತು, ಆದ್ದರಿಂದ ಕುದುರೆಯೂ ಬರುತ್ತದೆ. ನೆಲವೆಲ್ಲ ಒಂದೇ ಕಡೆ ಇಳಿಜಾರಾಗಿ ಮೋರಿಗೆ ಸೇರುತ್ತಿತ್ತು, ಆದ್ದರಿಂದ ಎಷ್ಟು ನೀರು ಸುರಿದರೂ ನಿಲ್ಲದು. ಹಿಂದೆ ಮಂಜುಗಡ್ಡೆ ಹೆಪ್ಪುಗಟ್ಟಿಸುತ್ತಿದ್ದ ಉದ್ದನೆಯ ತೊಟ್ಟಿಯ ತಳಕ್ಕೆ ಟ್ರೆಡ್‌ಮಿಲ್ಲಿನಂತೆ ಓಡುವ ಪಟ್ಟಿಯೊಂದನ್ನು ಕೂಡಿಸಿ, ಬಿಸಿನೀರು ತುಂಬಿಸಿದಳು. ನೀರು ಮೈಭಾರ ಹೊರುತ್ತದೆ, ಕಾಲು ನಡೆಯುವುದನ್ನು ಮಾತ್ರ ಕಲಿತರೆ ಸಾಕು. ಡುಮ್ಮ ಲ್ಯಾಬ್ರಡಾರುಗಳು, ಬೆನ್ನುಮೂಳೆ ಜಾರಿದ ಉದ್ದ ಮೈಯ ಗಿಡ್ಡ ನಾಯಿಗಳು, ಸೊಂಟ ಹಿಡಿದ ಪೊಲೀಸ್ ನಾಯಿಯೊಂದು, ಎಲ್ಲವೂ ಆ ತೊಟ್ಟಿಯಲ್ಲಿ ಗಂಭೀರವಾಗಿ ಮುಖ ಮೇಲೆತ್ತಿಕೊಂಡು ನಡೆದವು.

ಅವಳ ಗಂಡನಿಗೆ ಪೇಟೆಯಲ್ಲಿ ಒಂದು ಕನ್ನಡಕದ ಅಂಗಡಿ. ಮೆತ್ತನೆಯ ಮನುಷ್ಯ. "ನಮ್ಮ ಮನೇಲಿ ಕಣ್ಣು ನಂದು, ಕಾಲು ಅವಳದು, ಬಾಯಿ ಕೂಡ ಅವಳದೇ" ಎಂದು ಗಿರಾಕಿಗಳಿಗೆ ಹೇಳಿಕೊಂಡು ನಗುತ್ತಿದ್ದರು.

ದಯಾಮರಣದ ಸೂಜಿ ಎಂದರೆ ಅವಳಿಗೆ ಆಗುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಮೂಳೆಯೊಳಗೆ ಗಡ್ಡೆ ಬೆಳೆದು ರಾತ್ರಿಯಿಡೀ ನರಳುತ್ತಿದ್ದ ನಾಯಿಗೆ ಅವಳೇ ಪಶುವೈದ್ಯರನ್ನು ಕರೆಸಿ, ಕೊನೆಯ ಸೂಜಿ ಹಾಕುವಾಗ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಂಥ ದಿನ ಊಟ ಬಿಡುತ್ತಿದ್ದಳು, ಆದರೆ ತಪ್ಪು ಮಾಡಿದೆ ಎಂದು ಅಳುತ್ತಿರಲಿಲ್ಲ. ಅವಳಿಗೆ ಮೈ ಉರಿಯುತ್ತಿದ್ದುದು ಬೇರೆ ಕಾರಣಕ್ಕೆ. ನೋವಿಗಲ್ಲ, ಅನನುಕೂಲಕ್ಕೆ ಸೂಜಿ ಹಾಕಿಸುವವರನ್ನು ಕಂಡರೆ.

ಈ ವಿಷಯದಲ್ಲಿ ಅವಳ ಮೈದುನನೇ, ಅಂದರೆ ಕನ್ನಡಕದಂಗಡಿಯವರ ತಮ್ಮನೇ, ಮುಂದಿದ್ದ. ಐಸ್ ಫ್ಯಾಕ್ಟರಿಯ ಬೀದಿಯ ಇನ್ನೊಂದು ತುದಿಯಲ್ಲಿ ಅವನ ಕುದುರೆ ಸವಾರಿ ಶಾಲೆ. ಕೆಟ್ಟವನೇನಲ್ಲ. ಕುದುರೆಗಳ ಮೈ ತಾನೇ ಉಜ್ಜುತ್ತಿದ್ದ, ಅತ್ತಿಗೆ ಎಂದರೆ ಪ್ರೀತಿ, ಎಲ್ಲಕ್ಕೂ ತಮಾಷೆ. ಆದರೆ ಅವನ ಲೆಕ್ಕ ಬಹಳ ಸರಳ: ಬೆನ್ನ ಮೇಲೆ ಕೂರಿಸಿಕೊಂಡರೆ ಅದು ಕುದುರೆ, ಇಲ್ಲದಿದ್ದರೆ ಅದು ಬರೀ ಬಾಯಿ. ಲಾಯದಲ್ಲಿ ಒಂದೊಂದು ಗೂಡಿಗೆ ಒಂದೊಂದು ಕುದುರೆ. ಕೂರಿಸಿಕೊಳ್ಳಲಾರದ್ದು ಗೂಡು ಬಿಡಬೇಕು. ಬಿಟ್ಟು ಎಲ್ಲಿಗೆ ಹೋಗಬೇಕು ಎನ್ನುವುದನ್ನು ಅವನು ಜೋರಾಗಿ ಹೇಳುತ್ತಿರಲಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತಿದ್ದ.

ಆ ಲಾಯದಲ್ಲಿ ಕಂದು ಬಣ್ಣದ ಒಂದು ಹೆಣ್ಣುಕುದುರೆ ಇತ್ತು. ಸಿಡುಕಿ ಎಂದೇ ಅದರ ಹೆಸರು. ಮೂಗಿನ ತುದಿಯಲ್ಲೇ ಕೋಪ. ಜೀನು ಹಾಕುವವನ ತೋಳು ಕಚ್ಚುವುದು, ಉಜ್ಜುವವನ ಕಾಲು ತುಳಿಯುವುದು, ಇಷ್ಟಾದರೂ ಬೆನ್ನ ಮೇಲೆ ಹೊಸಬರು ಕೂತರೆ ಮಾತ್ರ ಮೊಟ್ಟೆ ಹೊತ್ತವಳಂತೆ ನಡೆಯುವುದು. ಒದ್ದೆ ಕಲ್ಲಿನ ಮೇಲೆ ಒಂದು ದಿನ ಜಾರಿತು. ಡಾಕ್ಟರು ಬಂದು ಸ್ಕ್ಯಾನ್ ಮಾಡಿದರು. ಎಡಮುಂಗಾಲಿನ ಹಿಂಭಾಗದಲ್ಲಿ ಗೊರಸಿನ ಕಡೆಗೆ ದಪ್ಪ ಹುರಿಯಂಥದ್ದು ಇಳಿಯುತ್ತದೆ, ಕುದುರೆ ನೆಲಕ್ಕೆ ಕಾಲೂರಿದಾಗ ಮೈಭಾರವನ್ನೆಲ್ಲ ಜೋತುಹಿಡಿಯುವುದು ಅದೇ. ಅದು ಅರ್ಧ ಹರಿದಿತ್ತು.

"ಪಾಪ" ಎಂದ ಮೈದುನ. ಅವನ ಬಾಯಲ್ಲಿ ಪಾಪ ಎಂದರೆ ಏನೆಂದು ಲಾಯದವರಿಗೆಲ್ಲ ಗೊತ್ತು.

ಮೊಂಡಕ್ಕ ಗಂಡನ ಜೊತೆ ಅಲ್ಲೇ ನಿಂತಿದ್ದಳು. "ಫೋನು ಜೇಬಿಗೆ ಹಾಕು" ಎಂದಳು. "ಇವಳನ್ನ ನನಗೆ ಕೊಡು. ಚಳಿ ಶುರುವಾಗೋದ್ರೊಳಗೆ ಸಮವಾಗಿ ಓಡಿಸಿ ತೋರಿಸ್ತೀನಿ."

"ಆಗದೇ ಇದ್ರೆ?"

"ನನ್ನ ಕೈಲಿ ಆಗದ್ದಾ? ಆ ದಿನ ಇವಳು ಕುಂಟಿದ್ರೆ ನಾನೇ ಮುಂದೆ ನಿಂತು ಸೂಜಿ ಹಾಕಿಸ್ತೀನಿ. ಒಂದೇ ಒಂದು ಮಾತೂ ಆಡಲ್ಲ."

"ಅತ್ತಿಗೆ, ಎಲ್ಲರೂ ಕೇಳಿಸ್ಕೊಂಡಿದ್ದಾರೆ."

"ಕೇಳಿಸ್ಕೊಳ್ಳಲಿ ಅಂತಲೇ ಹೇಳಿದ್ದು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳಿಗೆ ಆ ಹೊತ್ತಿಗೆ ಹೊಳೆಯಲಿಲ್ಲ, ಒಂದು ಕುದುರೆಯ ಪ್ರಾಣವನ್ನು ತನ್ನ ಜಂಬಕ್ಕೆ ಕಟ್ಟಿಹಾಕಿಬಿಟ್ಟಿದ್ದಳು. ಕನ್ನಡಕದಂಗಡಿಯವರು ಮಾತ್ರ ಮನೆಗೆ ಬರುವ ದಾರಿಯಲ್ಲಿ, "ಸ್ವಲ್ಪ ನೋಡ್ಕೊಂಡು ಮಾತಾಡಬಾರದಿತ್ತಾ?" ಎಂದರು. "ನೋಡೋದು ನಿಮ್ಮ ಕಸುಬು" ಎಂದು ಬಾಯಿ ಮುಚ್ಚಿಸಿದಳು.

ಸಿಡುಕಿ ಐಸ್ ಫ್ಯಾಕ್ಟರಿಗೆ ಬಂದಿತು. ಬೆಳಗ್ಗೆ ತಣ್ಣೀರಿನ ಪೈಪು, ಆಮೇಲೆ ಬೆರಳಿನಿಂದ ಹುರಿಯುದ್ದಕ್ಕೂ ಮೆಲ್ಲಗೆ ನೀವುವುದು, ಬಿಗಿ ಪಟ್ಟಿ, ತೊಟ್ಟಿಯೊಳಗಿನ ನಡಿಗೆ, ನೆಲದ ಮೇಲೆ ಅಡ್ಡಡ್ಡ ಕೋಲುಗಳನ್ನಿಟ್ಟು ಕಾಲೆತ್ತಿ ದಾಟಿಸುವುದು. ಕಚ್ಚಿಸಿಕೊಂಡು, ತುಳಿಸಿಕೊಂಡು, ಬೈದುಕೊಂಡೇ ಮಾಡಿದಳು. "ಕಚ್ಚು, ಕಚ್ಚು. ಕಚ್ಚೋಕೆ ಇರೋ ಹಟ ನಡೆಯೋಕೂ ಇರಲಿ" ಎನ್ನುತ್ತಿದ್ದಳು. ಇಬ್ಬರ ಸ್ವಭಾವವೂ ಒಂದೇ ಆದ್ದರಿಂದ ಜಗಳಕ್ಕೆ ಕೊನೆಯಿರಲಿಲ್ಲ, ಆದರೆ ಸಂಜೆ ಅವಳು ಬಾಗಿಲು ಹಾಕಲು ಹೋದರೆ ಸಿಡುಕಿ ಕುತ್ತಿಗೆ ಉದ್ದ ಮಾಡಿ ನೋಡುತ್ತಿತ್ತು.

ಕುಂಟುವ ಕುದುರೆಯ ಕಾಲು ನೋಡಬಾರದು, ತಲೆ ನೋಡಬೇಕು. ನೋಯುವ ಮುಂಗಾಲು ನೆಲ ಮುಟ್ಟುವಾಗ ತಲೆ ಮೇಲೇಳುತ್ತದೆ, ಚೆನ್ನಾಗಿರುವ ಕಾಲು ಮುಟ್ಟುವಾಗ ತಗ್ಗುತ್ತದೆ. ಮೊಂಡಕ್ಕ ದಿನವೂ ಆ ತಲೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ತಲೆಯ ಏರಿಳಿತ ಕಡಿಮೆಯಾಗುತ್ತ ಬಂತು. ಆದರೆ ಗಾಳಿಯೂ ತಣ್ಣಗಾಗುತ್ತ ಬಂತು, ಚಳಿ ಹತ್ತಿರವಾಯಿತು. ಅವಳು ನಡಿಗೆ ಹೆಚ್ಚಿಸಿದಳು. ತೊಟ್ಟಿಯಿಂದ ಬೇಗ ಹೊರಗೆ ತಂದಳು. ಫ್ಯಾಕ್ಟರಿಯ ಹಿಂದಿನ ಕಾಂಕ್ರೀಟು ಓಣಿಯಲ್ಲಿ ಇನ್ನಷ್ಟು, ಮತ್ತಷ್ಟು ನಡೆಸಿದಳು.

ಒಮ್ಮೆ ಡಾಕ್ಟರು ಬಂದು ನೋಡಿ, "ನಿಧಾನ ಮೇಡಂ. ಹುರಿ ಕ್ಯಾಲೆಂಡರ್ ನೋಡ್ಕೊಂಡು ಕೂಡಲ್ಲ" ಎಂದರು. ಅವರು ಅಳೆದು ತೂಗಿ ಮಾತಾಡುವ ಮನುಷ್ಯ, ಅಂಥವರು ಹೇಳಿದಾಗ ಕೇಳಬೇಕು. ಇವಳು ತಲೆಯಾಡಿಸಿದಳು, ಅವರು ಹೋದ ಮೇಲೆ ಮತ್ತೆ ಹಗ್ಗ ಹಿಡಿದಳು. ಮೊಂಡಕ್ಕ ಎಂದು ಸುಮ್ಮನೆ ಕರೆಯುತ್ತಾರೆಯೇ?

ಮೈದುನ ತನ್ನ ಅಂಗಳಕ್ಕೆ ಬಂದು ತೋರಿಸಿ ಎಂದು ಹೇಳಿಕಳಿಸಿದ. ತೋರಿಸಬೇಕಾದ ದಿನದ ಹಿಂದಿನ ದಿನ ಓಣಿಯಲ್ಲಿ ಸಿಡುಕಿಯನ್ನು ಸಣ್ಣ ಓಟಕ್ಕೆ ಬಿಟ್ಟಾಗ ತಲೆ ಅಲ್ಲಾಡಲಿಲ್ಲ. ಗೊರಸಿನ ಸದ್ದು ಸಮವಾಗಿ ಬಿತ್ತು. ಮೊಂಡಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು, ಕಣ್ಣು ಬಿಟ್ಟು ನೋಡಿದಳು, ಮತ್ತೆ ಓಡಿಸಿದಳು. ಕುಂಟು ಎಲ್ಲೂ ಇರಲಿಲ್ಲ. ಆಕೆ ಆ ವಯಸ್ಸಿನಲ್ಲಿ ಓಣಿಯಲ್ಲಿ ಕುಣಿದಳು. ಗಂಡನಿಗೆ ಫೋನ್ ಮಾಡಿ ಕಿರುಚಿದಳು. ಅವರು ಗಿರಾಕಿಯೊಬ್ಬನ ಒಂದು ಕಣ್ಣು ಪರೀಕ್ಷೆ ಮಾಡಿ ಇನ್ನೊಂದನ್ನು ಹಾಗೇ ಬಿಟ್ಟು ಓಡಿಬಂದರು.

"ನಾಳೆ ನಿಮ್ಮ ತಮ್ಮನ ಮುಖ ನೋಡಬೇಕು ರೀ!"

"ನೋಡೋಣ, ನೋಡೋಣ. ಮೊದಲು ಆ ಗಿರಾಕಿ ಮುಖ ನೋಡಿ ಬರ್ತೀನಿ" ಎಂದು ಅವರು ನಗುತ್ತ ಹಿಂದಿರುಗಿದರು.

ಸಂಜೆ ಅವಳು ಸಿಡುಕಿಯ ಕಾಲು ತೊಳೆಯುತ್ತಿದ್ದಳು. ಎಡಗಾಲಿನ ಹುರಿಯ ಮೇಲೆ ಕೈಯಾಡಿಸಿದಳು, ಕುದುರೆ ಸುಮ್ಮನಿತ್ತು. ಎಷ್ಟೋ ದಿನಗಳಿಂದ ಆ ಒಂದು ಕಾಲಿನ ಉಪಚಾರವೇ ಆಗಿತ್ತು. ಪಾಪ, ಭಾರವನ್ನೆಲ್ಲ ಹೊತ್ತದ್ದು ಈ ಇನ್ನೊಂದು ಕಾಲು ಎಂದುಕೊಂಡು, ಮುದ್ದಿಗಾಗಿ ಬಲಗಾಲನ್ನೂ ಸವರಿದಳು. ಅದು ಬೆಚ್ಚಗಿತ್ತು. ಬೆರಳು ಸ್ವಲ್ಪ ಒತ್ತಿದ್ದೇ ತಡ, ಸಿಡುಕಿ ಗರಕ್ಕನೆ ತಿರುಗಿ ಅವಳ ಭುಜ ಕಚ್ಚಿತು.

ಭುಜದ ನೋವು ಅವಳಿಗೆ ತಿಳಿಯಲೇ ಇಲ್ಲ. ಪೈಪು ಎಸೆದು, ಕುದುರೆಯನ್ನು ಗಟ್ಟಿ ನೆಲಕ್ಕೆ ತಂದು, ಸಣ್ಣ ಸುತ್ತಿನಲ್ಲಿ ತಿರುಗಿಸಿದಳು. ಎಡಕ್ಕೆ ಸುತ್ತಿದಾಗ ಎಡಗಾಲು ಕುಂಟಿತು. ಬಲಕ್ಕೆ ಸುತ್ತಿದಾಗ ಬಲಗಾಲು ಕುಂಟಿತು. ನೇರಕ್ಕೆ ಬಿಟ್ಟರೆ ಎರಡೂ ಇಲ್ಲ.

ಎರಡೂ ಕಾಲು ಸಮನಾಗಿ ನೋಯುವ ಕುದುರೆ ಕುಂಟುವುದಿಲ್ಲ. ಕುಂಟುವುದೆಂದರೆ ಒಂದು ಕಾಲನ್ನು ಉಳಿಸಿಕೊಳ್ಳುವುದು, ಎರಡೂ ನೊಂದರೆ ಉಳಿಸಿಕೊಳ್ಳಲು ಯಾವುದಿದೆ? ಈ ಕಸುಬಿನ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ ಇದು. ಸಮವಾದ ನಡಿಗೆ ಕಂಡ ಕೂಡಲೇ ಹಿಗ್ಗಬೇಡಿ, ಸುತ್ತಿಸಿ ನೋಡಿ ಎಂದು ಅವಳೇ ಎಷ್ಟು ಜನರಿಗೆ ಹೇಳಿಲ್ಲ! ದೀಪದ ಬುಡದಲ್ಲೇ ಕತ್ತಲೆ. ಅವಸರದಲ್ಲಿ ನಡೆಸಿ ನಡೆಸಿ, ಒಳ್ಳೆಯ ಕಾಲನ್ನೂ ಅವಳೇ ಕೆಡಿಸಿದ್ದಳು. ಮೊಂಡಕ್ಕ ಒದ್ದೆ ನೆಲದ ಮೇಲೆ ಕುಕ್ಕರಿಸಿ ಕೂತು ತಲೆಯ ಮೇಲೆ ಕೈ ಹೊತ್ತಳು.

ಅಂಗಡಿ ಮುಚ್ಚಿ ಫ್ಯಾಕ್ಟರಿಗೆ ಬಂದ ಗಂಡ ಅವಳ ಮುಖ ನೋಡಿಯೇ ನಗು ನಿಲ್ಲಿಸಿದರು. ಎಲ್ಲ ಕೇಳಿದ ಮೇಲೆ ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು.

"ನಾಳೆ ನೇರಕ್ಕೆ ಓಡಿಸು, ಸಾಕು. ಸುತ್ತಿಸು ಅಂತ ಯಾರು ಕೇಳ್ತಾರೆ?"

"ಆಮೇಲೆ ಅವನು ಇವಳ ಬೆನ್ನ ಮೇಲೆ ಜನ ಕೂರಿಸ್ತಾನೆ ರೀ. ಎರಡು ಹುರೀನೂ ಒಟ್ಟಿಗೆ ಹರಿಯುತ್ತೆ. ಬಿದ್ದ ಕುದುರೆ ಅಡೀಲಿ ಯಾರಿರ್ತಾರೋ."

"ಹಾಗಾದ್ರೆ ನಿಜ ಹೇಳಿಬಿಡು."

"ಹೇಳಿದ್ರೆ ಅಲ್ಲೇ ಸೂಜಿ. ನಾನೇ ಬಾಯಿಬಿಟ್ಟು ಒಪ್ಪಿದ್ದೀನಲ್ಲ."

ಅತ್ತ ದರಿ, ಇತ್ತ ಪುಲಿ. ಕನ್ನಡಕದಂಗಡಿಯವರು ಏನೂ ತೋಚದೆ ಅವಳ ಕಚ್ಚಿದ ಭುಜಕ್ಕೆ ಮುಲಾಮು ಹಚ್ಚಿದರು.

ಅವಳಿಗೆ ಮೊದಲು ಮೈದುನನ ಮೇಲೆ ಸಿಟ್ಟು ಉಕ್ಕಿತು. ಕುಂಟಿದರೆ ಸಾಯಬೇಕು ಎನ್ನುವ ಕಾನೂನು ಯಾವನು ಮಾಡಿದ? ಬೈಯುತ್ತ ಬೈಯುತ್ತ ಅವಳ ಕಣ್ಣು ಎದುರಿಗಿದ್ದ ತನ್ನ ಆಫೀಸಿನ ಗೋಡೆಯ ಮೇಲೆ ಹೋಯಿತು. ಗೋಡೆ ತುಂಬ ಫೋಟೋ. ತೊಟ್ಟಿಯಿಂದ ಇಳಿದು ನಡೆದ ನಾಯಿಗಳು, ಮತ್ತೆ ಓಡಿದ ಕುದುರೆಗಳು. ನಡೆಯದೇ ಹೋದ ಪ್ರಾಣಿಗಳೂ ಬೇಕಾದಷ್ಟು ಬಂದಿದ್ದವು. ಸೊಂಟಕ್ಕೆ ಚಕ್ರದ ಗಾಡಿ ಕಟ್ಟಿಸಿಕೊಂಡು ಮನೆಗೆ ಹೋದವು, ಹಾಸಿಗೆಯ ಮೇಲೇ ಬಾಲ ಬಡಿಯುತ್ತ ವರ್ಷಗಟ್ಟಲೆ ಬದುಕಿದವು. ಅವುಗಳಲ್ಲಿ ಒಂದರ ಫೋಟೋವೂ ಅಲ್ಲಿರಲಿಲ್ಲ. ಸೋತದ್ದನ್ನು ಯಾರು ತೂಗುಹಾಕುತ್ತಾರೆ? ಹಾಗಾದರೆ ಮೈದುನನ ತಕ್ಕಡಿಗೂ ತನ್ನ ತಕ್ಕಡಿಗೂ ಏನು ವ್ಯತ್ಯಾಸ ಎಂದು ಅನ್ನಿಸಿದಾಗ ಅವಳಿಗೆ ನಾಚಿಕೆಯಾಯಿತು. ನಾಚಿಕೆ ಅವಳಿಗೆ ಒಗ್ಗದ ವಸ್ತು, ಬಹಳ ಹೊತ್ತು ನಿಲ್ಲುವುದಿಲ್ಲ, ಸಿಟ್ಟಾಗಿ ಬದಲಾಗುತ್ತದೆ. ಈ ಸಲವೂ ಹಾಗೇ ಆಯಿತು. ಆದರೂ ಬೆಳಗ್ಗೆ ಸಿಡುಕಿಯ ಹಗ್ಗ ಹಿಡಿದು ಹೊರಟಾಗ ಏನು ಮಾಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

ಲಾಯದ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಸವಾರಿ ಕಲಿಯಲು ಬಂದ ಹೊಸಬರು ತಲೆಗೆ ಹೆಲ್ಮೆಟ್ ಹಾಕಿಕೊಂಡು ಬೇಲಿಗೆ ಒರಗಿದ್ದರು. ಡಾಕ್ಟರು ತಮ್ಮ ಚೀಲವನ್ನು ಕಟ್ಟೆಯ ಮೇಲಿಟ್ಟಿದ್ದರು. ಆ ಚೀಲದಲ್ಲಿ ಏನಿದೆ ಎಂದು ಅವಳಿಗೆ ಗೊತ್ತು. ಕನ್ನಡಕದಂಗಡಿಯವರೂ ಅಂಗಡಿ ತೆರೆಯದೆ ಬಂದು ಹಿಂದೆ ನಿಂತರು. ಮೊಂಡಕ್ಕ ಹಗ್ಗ ಹಿಡಿದು ಸಿಡುಕಿಯ ಪಕ್ಕ ಓಡಿದಳು. ನೇರಕ್ಕೆ ಹೋಗಿ ನೇರಕ್ಕೆ ಬಂದಳು. ತಲೆ ಅಲ್ಲಾಡಲಿಲ್ಲ, ಸದ್ದು ತಪ್ಪಲಿಲ್ಲ.

ಮೈದುನ ಚಪ್ಪಾಳೆ ತಟ್ಟಿದ. "ಸೋತೆ ಅತ್ತಿಗೆ, ಒಪ್ಕೊಂಡೆ! ನಿಮ್ಮ ಕಾಲಿಗೆ ಬೀಳಬೇಕು. ಯಾರಲ್ಲಿ, ಜೀನು ತನ್ರೋ. ಇವತ್ತೇ ಹೊಸಬರನ್ನ ಕೂರಿಸೋಣ."

ಜೀನು ಬಂತು. ಅದು ಬೆನ್ನಿನ ಹತ್ತಿರ ಬಂದಾಗ ಸಿಡುಕಿ ಕಚ್ಚಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಕಿವಿ ಇಳಿಬಿಟ್ಟು ಸುಮ್ಮನೆ ನಿಂತಿತು. ಅದನ್ನು ನೋಡಲು ಮೊಂಡಕ್ಕನಿಗೆ ಆಗಲಿಲ್ಲ.

"ತೆಗಿ ಅದನ್ನ" ಎಂದಳು.

"ಯಾಕೆ ಅತ್ತಿಗೆ?"

"ಇನ್ನೂ ನೋಡೋದಿದೆ. ಡಾಕ್ಟ್ರೇ, ಇಲ್ಲಿ ಬನ್ನಿ."

ಕಲ್ಲು ಹಾಸಿದ ಜಾಗಕ್ಕೆ ಕರೆತಂದು ಸಣ್ಣ ಸುತ್ತು ತಿರುಗಿಸಿದಳು. ಎಡಕ್ಕೆ, ಆಮೇಲೆ ಬಲಕ್ಕೆ. ಕುದುರೆಯ ತಲೆ ಎರಡೂ ಕಡೆ ಎದ್ದೆದ್ದು ಬಿತ್ತು. ಬೇಲಿಗೆ ಒರಗಿದ ಹೊಸಬರಿಗೂ ಅದು ಕಾಣಿಸಿತು.

"ಸುತ್ತಿಸಿ ಅಂತ ನಾನೇ ಕೇಳೋನಿದ್ದೆ. ನೀವೇ ತೋರಿಸಿದ್ರಿ" ಎಂದರು ಡಾಕ್ಟರು. ಕನ್ನಡಕದಂಗಡಿಯವರು ಹಿಂದೆ ನಿಂತು 'ಅಯ್ಯೋ ದೇವರೇ' ಎಂದುಕೊಂಡರು. ಡಾಕ್ಟರು ಮಂಡಿಯೂರಿ ಎರಡೂ ಕಾಲು ಮುಟ್ಟಿ ನೋಡಿ, ಎದ್ದು ಕೈ ಒರೆಸಿಕೊಂಡರು. "ಸವಾರಿ ಮುಗೀತು. ಈ ಜನ್ಮಕ್ಕೆ ಇವಳ ಮೇಲೆ ಯಾರೂ ಕೂರೋ ಹಾಗಿಲ್ಲ."

ಮೈದುನನ ಮುಖದ ತಮಾಷೆಯೆಲ್ಲ ಇಳಿದುಹೋಯಿತು. "ಅತ್ತಿಗೆ, ನೀವು ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ."

"ಎಲ್ಲರೆದುರು."

"ಎಲ್ಲರೆದುರೇ ಕೊಟ್ಟೆ. ಈಗ ಎಲ್ಲರೆದುರೇ ಮುರೀತಿದ್ದೀನಿ. ಸೂಜಿ ಹಾಕೋಕೆ ಬಿಡಲ್ಲ."

"ಹಾಗಾದ್ರೆ ನಿಮ್ಮ ಮಾತಿಗೆ ಬೆಲೆ ಏನು?"

"ನನ್ನ ಮಾತಿನ ಬೆಲೆ ಇವಳ ಪ್ರಾಣ ಅನ್ನೋದಾದ್ರೆ, ನನ್ನ ಮಾತಿಗೆ ಬೆಲೆಯೇ ಇಲ್ಲ ಅಂತ ಇಟ್ಕೋ. ಸುಳ್ಳಿ ಅನ್ನು, ಬಾಯಿಬಡುಕಿ ಅನ್ನು, ಊರಿಗೆಲ್ಲ ಹೇಳ್ಕೊಂಡು ಬಾ. ಜಂಬ ಕೊಚ್ಚಿದ್ದು ನಾನು. ಡಾಕ್ಟ್ರು ನಿಧಾನ ಅಂದ್ರೂ ಕೇಳದೆ ಅವಸರ ಮಾಡಿದ್ದು ನಾನು. ಆ ಬಲಗಾಲು ಕೆಡಿಸಿದ್ದೂ ನಾನೇ. ನನ್ನ ತಪ್ಪಿಗೆ ಅವಳ್ಯಾಕೆ ಸಾಯಬೇಕು? ಹೇಳು!"

"ಕುಂಟು ಕುದುರೆ ಕಟ್ಕೊಂಡು ಏನು ಮಾಡ್ತೀರಿ? ಯಾವ ಕೆಲಸಕ್ಕೆ ಬರುತ್ತೆ ಅದು?"

"ಯಾವ ಕೆಲಸಕ್ಕೂ ಬರಲ್ಲ. ನಿಮ್ಮಣ್ಣ ಮಂಡಿನೋವು ಅಂತ ಅಟ್ಟಕ್ಕೆ ಹತ್ತಲ್ಲ. ಅವರಿಗೂ ಒಂದು ಸೂಜಿ ಹಾಕಿಸ್ಲಾ?"

"ನನ್ನನ್ನ ಯಾಕೆ ಮಧ್ಯೆ ತರ್ತೀಯೇ?" ಎಂದರು ಕನ್ನಡಕದಂಗಡಿಯವರು. ಯಾರೋ ಕಿಸಕ್ಕನೆ ನಕ್ಕರು. ಮೊಂಡಕ್ಕ ನಗಲಿಲ್ಲ. ಅವಳು ಡಾಕ್ಟರ ಕಡೆ ತಿರುಗಿದಳು, ಆಗ ಮಾತ್ರ ಅವಳ ದನಿ ಇಳಿಯಿತು.

"ಡಾಕ್ಟ್ರೇ, ಸೂಜಿ ಬೇಕಾದಾಗ ನಾನೇ ನಿಮ್ಮನ್ನ ಕರೆದಿದ್ದೀನಿ. ಇವಳಿಗೆ ಅಂಥ ನೋವಿದ್ರೆ ಹೇಳಿ. ಈಗಲೇ ಹೇಳಿ. ನಾನೇ ತಲೆ ಹಿಡ್ಕೋತೀನಿ."

ಡಾಕ್ಟರು ಸಿಡುಕಿಯನ್ನು ನೋಡಿದರು. ಸಿಡುಕಿ ಅಷ್ಟರಲ್ಲಿ ಚೇತರಿಸಿಕೊಂಡು ಜೀನು ಹಿಡಿದವನ ತೋಳಿಗೆ ಬಾಯಿ ಹಾಕುತ್ತಿತ್ತು. "ಬೆನ್ನ ಮೇಲೆ ಭಾರ ಇಲ್ದಿದ್ರೆ, ಕಾಲಡಿ ಮೆತ್ತಗಿದ್ರೆ, ಬದುಕ್ತಾಳೆ" ಎಂದರು ನಿಧಾನವಾಗಿ. "ಕುಂಟಿಕೊಂಡೇ. ಆದ್ರೆ ಚೆನ್ನಾಗೇ."

"ಅಷ್ಟು ಸಾಕು."

ಅವಳು ಹಗ್ಗ ಹಿಡಿದು ಗೇಟಿನ ಕಡೆ ಹೊರಟಳು. ಮೈದುನ ಓಡಿಬಂದು ಅಡ್ಡ ನಿಂತ.

"ಅತ್ತಿಗೆ, ಇದು ನನ್ನ ಕುದುರೆ."

"ಹೌದಪ್ಪ, ನಿಂದೇ. ಕದ್ಕೊಂಡು ಹೋಗ್ತಿದ್ದೀನಿ. ಪೊಲೀಸ್ನೋರನ್ನ ಕರೆಸು. ಅವಸರ ಏನಿಲ್ಲ, ಟೀ ಕುಡ್ಕೊಂಡೇ ಬರಲಿ. ನಾವು ಹೋಗೋ ವೇಗಕ್ಕೆ ಅಷ್ಟು ಹೊತ್ತಿಗೂ ಈ ಬೀದಿ ದಾಟಿರಲ್ಲ."

ಅವನು ಅಣ್ಣನ ಮುಖ ನೋಡಿದ. ಕನ್ನಡಕದಂಗಡಿಯವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು, ಏನೂ ಕಾಣದವರಂತೆ ಬಂದು ಗೇಟು ತೆರೆದರು.

ಬೀದಿಯ ಪಕ್ಕದ ಮಣ್ಣಿನ ಮೇಲೆ ಮೂವರೂ ನಡೆದರು. ಬಸ್ಸುಗಳು ಹಾರ್ನ್ ಹೊಡೆದವು. ತಿರುವಿನಲ್ಲಿ ಸಿಡುಕಿ ಕುಂಟಿದ್ದು ಕಂಡು ಬೇಕರಿಯವನು ಬಾಗಿಲಿಗೆ ಬಂದು, "ಏನು ಮೇಡಂ, ಇನ್ನೂ ಕುಂಟ್ತಾ ಇದೆಯಲ್ಲ?" ಎಂದು ಕೂಗಿದ. ಹಿಂದಿನ ಮೊಂಡಕ್ಕನಾಗಿದ್ದರೆ ಸರಿ ಮಾಡ್ತೀನಿ ನೋಡ್ತಿರು ಎನ್ನುತ್ತಿದ್ದಳು. ಈಗ "ಕುಂಟುತ್ತೆ. ಕುಂಟಲಿ. ನಿನಗೇನು ಕಷ್ಟ?" ಎಂದು ಮುಂದೆ ಹೋದಳು.

ಮೈದುನ ಪೊಲೀಸರನ್ನು ಕರೆಸಲಿಲ್ಲ, ಮಾತು ಬಿಟ್ಟ. ಅವನ ಲಾಯದಿಂದ ಚಿಕಿತ್ಸೆಗೆ ಕುದುರೆ ಬರುವುದು ನಿಂತಿತು. ಮನೆಯ ಊಟಗಳಿಗೆ ಅವನು ಬರುತ್ತಿರಲಿಲ್ಲ, ಬಂದರೂ ಅಣ್ಣನ ಜೊತೆ ಹವೆಯ ವಿಷಯ ಮಾತಾಡಿ ಎದ್ದುಬಿಡುತ್ತಿದ್ದ. "ಮಾತು ಕೊಟ್ಟು ತಪ್ಪಿದವಳು" ಎಂಬ ಮಾತು ಊರಿನಲ್ಲಿ ಒಂದಷ್ಟು ದಿನ ಓಡಾಡಿತು. ಕೇಳಿದವರಿಗೆಲ್ಲ ಅವಳು "ಹೌದು, ತಪ್ಪಿದೆ. ಮತ್ತೆ ಬೇಕಾದ್ರೂ ತಪ್ತೀನಿ" ಎನ್ನುತ್ತಿದ್ದಳು. ಹಾಗೆಂದು ಅವಳಿಗೆ ನೋವಾಗಲಿಲ್ಲ ಎಂದಲ್ಲ. ಮೈದುನನ ತಮಾಷೆಯಿಲ್ಲದ ಮನೆ ಅವಳಿಗೆ ಸಪ್ಪೆಯೆನಿಸುತ್ತಿತ್ತು. ಅದನ್ನು ಗಂಡನ ಹತ್ತಿರ ಒಂದೆರಡು ಸಲ ಹೇಳಿಯೂ ಇದ್ದಳು.

ಮಂಜುಗಡ್ಡೆ ಪೇರಿಸಿಡುತ್ತಿದ್ದ ದಪ್ಪ ಗೋಡೆಯ ಉಗ್ರಾಣ ಸಿಡುಕಿಯ ಲಾಯವಾಯಿತು. ನೆಲಕ್ಕೆ ಮರಳು, ಮರಳಿನ ಮೇಲೆ ಹುಲ್ಲು. ಹಿಂದಿನ ಬಯಲಿನಲ್ಲಿ ಅದು ಕುಂಟುತ್ತ ಮೇಯುತ್ತಿತ್ತು, ಬಿಸಿಲಿಗೆ ಬೆನ್ನೊಡ್ಡಿ ನಿಲ್ಲುತ್ತಿತ್ತು, ಹತ್ತಿರ ಹೋದವರನ್ನು ಕಚ್ಚುತ್ತಿತ್ತು. ಕಾಲು ಬಿದ್ದ ನಾಯಿಯನ್ನು ಎತ್ತಿಕೊಂಡು ಬಂದವರು ಕಣ್ಣೊರೆಸಿಕೊಂಡು, "ಮೇಡಂ, ಇದು ನಡೆಯುತ್ತಾ?" ಎಂದು ಕೇಳಿದರೆ ಮೊಂಡಕ್ಕ ಈಗ ಎದೆ ತಟ್ಟಿಕೊಳ್ಳುತ್ತಿರಲಿಲ್ಲ. "ಗೊತ್ತಿಲ್ಲಮ್ಮ. ಕೈಲಾದ್ದು ಮಾಡ್ತೀನಿ. ನಡೀಲಿ, ನಡೀದೇ ಇರಲಿ, ನೋವಿಲ್ಲದೆ ಬದುಕೋ ಹಾಗೆ ಮಾಡ್ತೀನಿ" ಎನ್ನುತ್ತಿದ್ದಳು. ಈ ಉತ್ತರ ಕೇಳಿ ಕೆಲವರು ನಾಯಿಯನ್ನು ಎತ್ತಿಕೊಂಡು ಬೇರೆ ಕಡೆ ಹೋದರು. ಹೋಗಲಿ ಎಂದಳು.

ಮುಂದಿನ ವರ್ಷ ಬಿಸಿಲು ಬಲಿತ ಒಂದು ಮಧ್ಯಾಹ್ನ ಕುದುರೆ ಸಾಗಿಸುವ ವ್ಯಾನೊಂದು ಹಿಮ್ಮುಖವಾಗಿ ಎತ್ತರದ ಬಾಗಿಲಿಗೆ ಬಂದು ನಿಂತಿತು. ಮೈದುನ ಇಳಿದ. ಮುಖ ಎತ್ತಲಿಲ್ಲ. ಹಿಂಬಾಗಿಲು ತೆರೆದು, ಬೆನ್ನು ಬಾಗಿದ ಒಂದು ಮುದಿ ಬಿಳಿ ಕುದುರೆಯನ್ನು ಹೆಜ್ಜೆಹೆಜ್ಜೆಗೂ ಪುಸಲಾಯಿಸುತ್ತ ಇಳಿಸಿದ. ಹರೆಯದಲ್ಲಿ ಅವನು ಸವಾರಿ ಕಲಿತದ್ದು ಅದರ ಮೇಲೆಯೇ.

"ಬೆನ್ನು ಹೋಯ್ತು ಅತ್ತಿಗೆ" ಎಂದ, ನೆಲ ನೋಡುತ್ತ. "ಡಾಕ್ಟ್ರಿಗೆ ಫೋನ್ ಮಾಡಿದ್ದೆ. ಆ ಕಡೆ ರಿಂಗ್ ಆಗ್ತಾ ಇತ್ತು. ಕಟ್ ಮಾಡ್ಬಿಟ್ಟೆ."

ಮೊಂಡಕ್ಕ ಕುದುರೆಯ ಬೆನ್ನ ಮೇಲೆ ಕೈಯಾಡಿಸುತ್ತ ಬಾಲದವರೆಗೂ ಹೋದಳು.

"ಜಾಗ ಇದೆಯಾ?"

ಅವಳು ಒಳಗೆ ನೋಡಿದಳು. ಉಗ್ರಾಣದಲ್ಲಿ ಸಿಡುಕಿ, ಜಗುಲಿಯಲ್ಲಿ ಚಿಕಿತ್ಸೆಗೆ ಬಂದ ಇನ್ನೊಂದು ಕುದುರೆ, ಉಳಿದೆಡೆಯೆಲ್ಲ ನಾಯಿಗಳು.

"ಇಲ್ಲ."

ಅವನು ಆಗಲಿ ಎಂಬಂತೆ ತಲೆಯಾಡಿಸಿದ. ಹಗ್ಗ ಹಿಡಿದು ವ್ಯಾನಿನ ಕಡೆ ತಿರುಗಿದ.

"ಎಲ್ಲಿಗೆ ಹೊರಟೆ?" ಎಂದು ಮೊಂಡಕ್ಕ ಗದರಿದಳು. "ಆ ಮೂಲೇಲಿ ಹಾರೆ ಇದೆ, ತಗೋ. ನನ್ನ ಆಫೀಸಿನ ಗೋಡೆ ಒಡಿ."